ನೀರು ಹಾಕಿದವಳ ಕುಣಿ

ನಮ್ಮ ತಂದೆಯ ತಂಗಿಯನ್ನು ನಾವು ಅತ್ತಿ ಎಂದು ಕರೆಯುತ್ತಿದ್ದೆವು. ಮದುವೆಯಾದ ಎರಡನೆಯ ವರ್ಷ ಅವಳ ತುಟಿಯ ಅಂಚಿನಲ್ಲಿ ಜೋಳದ ಕಾಳಿನಷ್ಟು ಬಿಳಿ ಕಲೆ ಕಾಣಿಸಿಕೊಂಡಿತು. ಆಮೇಲೆ ಬೆರಳ ತುದಿಗಳಿಗೆ ಬಂತು, ಮೊಣಕೈಗೆ ಬಂತು. ಅವಳ ಗಂಡನ ಮನೆಯವರು ಮುಂಡರಗಿ ಕಡೆಯವರು. ಒಂದು ಬೆಳಿಗ್ಗೆ ಟ್ರಂಕಿನ ಸಮೇತ ಅವಳನ್ನು ತಂದು ನಮ್ಮ ಪಡಸಾಲೆಯಲ್ಲಿ ಕೂರಿಸಿ, ಚಹಾ ಕೂಡ ಕುಡಿಯದೆ ಎದ್ದುಹೋದರಂತೆ. ನಾನಾಗ ಹುಟ್ಟಿರಲಿಲ್ಲ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅತ್ತಿಯ ಎರಡೂ ಕೈಗಳು ಮೊಣಕೈವರೆಗೆ ಬೆಳ್ಳಗಾಗಿದ್ದವು.

ನಮ್ಮೂರು ಲಕ್ಷ್ಮೇಶ್ವರ ತಾಲೂಕಿನಲ್ಲಿದೆ, ಅಡರಕಟ್ಟಿಯಿಂದ ಬಹಳ ದೂರವಲ್ಲ. ಊರಿನ ಹೆಸರು ಬರೆಯುವುದಿಲ್ಲ. ನನ್ನ ತಮ್ಮ ಇನ್ನೂ ಅಲ್ಲಿಯೇ ಇದ್ದಾನೆ.

ಅತ್ತಿಯನ್ನು ಯಾರೂ ಮದುವೆಗೆ, ಸೀಮಂತಕ್ಕೆ, ತೊಟ್ಟಿಲಿಗೆ ಕರೆಯುತ್ತಿರಲಿಲ್ಲ. ಅವಳು ಬಡಿದ ರೊಟ್ಟಿಯನ್ನು ನಮ್ಮ ಮನೆಯವರು ಬಿಟ್ಟರೆ ಬೇರೆಯವರು ತಿನ್ನುತ್ತಿರಲಿಲ್ಲ. ಆದರೆ ಊರಲ್ಲಿ ಹೆಣ್ಣುಮಗಳೊಬ್ಬಳು ಸತ್ತರೆ ಮೊದಲು ಬರುತ್ತಿದ್ದದ್ದು ನಮ್ಮ ಬಾಗಿಲಿಗೆ. ಹೆಣಕ್ಕೆ ನೀರು ಹಾಕುವ ಕೆಲಸ ಅತ್ತಿಯದಾಗಿತ್ತು. ಅದು ಹೇಗೆ ಅವಳ ಪಾಲಿಗೆ ಬಂತೋ ಗೊತ್ತಿಲ್ಲ. ಯಾರಿಗೂ ಬೇಡವಾದ ಕೆಲಸ, ಯಾರಿಗೂ ಬೇಡವಾದ ಕೈಗಳಿಗೆ ಹೋಯಿತು, ಅಷ್ಟೇ.

ಒಮ್ಮೆ, ನನಗೆ ಹದಿನೇಳು ವರ್ಷವಿದ್ದಾಗ, ನೆರವಿಗೆ ಯಾರೂ ಸಿಗದೆ ನನ್ನನ್ನು ಕರೆದುಕೊಂಡು ಹೋದಳು. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಕೂತ ಹಾಗೆಯೇ ಹೊತ್ತು, ಕೂತ ಹಾಗೆಯೇ ಹೂಳುತ್ತಾರೆ. ಅತ್ತಿ ಒಳಗೆ ಹೋದವಳೇ ಮೊದಲು ಸತ್ತವಳ ಮೊಣಕಾಲು ಮುಟ್ಟಿ ನೋಡಿದಳು.

"ಜಲ್ದಿ ಹಿಡಿ. ಮೈ ಸೆಟೀತಂದ್ರ ಮುಂದ ಕಾಲು ಮಡಚಾಕ ಬರಂಗಿಲ್ಲ. ಮುರೀಬೇಕಾಕ್ಕತಿ" ಎಂದಳು.

ನಾನು ಕಾಲು ಹಿಡಿದೆ. ಇನ್ನೂ ಬೆಚ್ಚಗಿತ್ತು. ಅತ್ತಿ ಗದ್ದದ ಕೆಳಗಿನಿಂದ ಬಟ್ಟೆ ಸುತ್ತಿ ನೆತ್ತಿಯ ಮೇಲೆ ಗಂಟು ಹಾಕಿದಳು, ಕಾಲು ಮಡಚಿ ಗೋಡೆಗೆ ಒರಗಿಸಿದಳು, ಎದೆಗೆ ಧೋತರ ಸುತ್ತಿ ಗೂಟಕ್ಕೆ ಬಿಗಿದಳು. ಹೊಟ್ಟೆ ಒತ್ತಿದಾಗ ಸತ್ತವಳ ಬಾಯಿಂದ ಉಸಿರಿನಂಥದ್ದೊಂದು ಹೊರಬಂತು. ನಾನು ಚೀರಿದೆ. ಅತ್ತಿ ತಿರುಗಿಯೂ ನೋಡದೆ, "ಗಾಳಿ ಅದು, ಅಂಜಬ್ಯಾಡ. ಒಳಗ ಉಳದದ್ದು ಹೋಗತೈತಿ" ಎಂದಳು. ಆಮೇಲೆ ಬಿಸಿನೀರಿನಲ್ಲಿ ಆ ಮೈಯನ್ನು ತೊಳೆದ ರೀತಿಯನ್ನು ನಾನು ಮರೆತಿಲ್ಲ. ನನ್ನ ತಾಯಿ ನನ್ನನ್ನು ಅಷ್ಟು ಜೋಪಾನವಾಗಿ ತೊಳೆದದ್ದು ನನಗೆ ನೆನಪಿಲ್ಲ.

ಸುಳ್ಳು ಹೇಳಬಾರದು. ಹರೆಯದಲ್ಲಿ ನಾನು ಅತ್ತಿಯನ್ನು ದ್ವೇಷಿಸಿದೆ. ನನ್ನನ್ನು ನೋಡಲು ಬಂದ ಗಂಡಿನವರೆಲ್ಲ, "ಮನ್ಯಾಗ ತೊನ್ನು ಐತಿ" ಎಂದು ಹೊರಟುಹೋದರು. ನಾಲ್ಕನೆಯ ಗಂಡು ಹೋದ ಮೇಲೆ ನಾನು ಅವಳ ಜೊತೆ ಎರಡು ತಿಂಗಳು ಮಾತಾಡಲಿಲ್ಲ. ಅವಳು ದಿನಾ ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕಿ, ಏನೂ ಕೇಳದೆ ಒಳಗೆ ಹೋಗುತ್ತಿದ್ದಳು. ನನಗೆ ಬೆಟಗೇರಿಯಲ್ಲಿ ಶಾಲೆಯ ಕೆಲಸ ಸಿಕ್ಕಿತು. ಅಲ್ಲಿಯೇ ಎರಡು ಕೋಣೆಯ ಮನೆ ಹಿಡಿದೆ, ಅಲ್ಲಿಯೇ ನಿವೃತ್ತಳಾದೆ. ಮದುವೆ ಆಗಲಿಲ್ಲ.

ಅತ್ತಿ ಹೋದ ವರ್ಷ ಯುಗಾದಿಗೆ ಮೊದಲು ತೀರಿಕೊಂಡಳು. ಕೊನೆಯ ಹದಿನೈದು ದಿನ ನಾನು ಅವಳ ಹತ್ತಿರ ಇದ್ದೆ. ಒಂದು ಮಧ್ಯಾಹ್ನ ಅವಳು ನಮ್ಮ ಓಣಿಯ ಹಿರಿಯರೊಬ್ಬರ ಹೆಂಡತಿಯ ಮಾತು ತೆಗೆದಳು. ಆ ಹಿರಿಯರು ನಮ್ಮ ತಂದೆಯ ಗೆಳೆಯರು. ನಾವು ಕಾಕಾ ಎನ್ನುತ್ತಿದ್ದೆವು. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು.

"ಆಕಿ ಬದುಕಿದ್ದಾಗ ನನ್ನ ಕೈಯಾಗಿನ ನೀರು ಕುಡೀಲಿಲ್ಲ" ಎಂದಳು ಅತ್ತಿ. "ಸತ್ತ ಮ್ಯಾಲ ಕುಬಸ ಬಿಚ್ಚಿ ನೋಡಿದ್ರ, ಎದಿ ಕೆಳಗ ಅಂಗೈಯಷ್ಟು ಬೆಳ್ಳಗ. ನನ್ನಂಗ. ಇಡೀ ಜನ್ಮ ಮುಚ್ಚಿಕೊಂಡು ಸತ್ತಾಳ ಪಾಪ."

"ಯಾರಿಗರ ಹೇಳಿಯೇನು?"

"ನೀರು ಹಾಕಿದಾಕಿ ಬಾಯಿ ಬಿಡಬಾರದವ್ವಾ. ನೀನೂ ಬಿಡಬ್ಯಾಡ."

ಅವಳು ಸತ್ತಾಗ ನೀರು ಹಾಕಲು ಯಾರೂ ಮುಂದೆ ಬರಲಿಲ್ಲ. ನಾನು ಮತ್ತು ತಮ್ಮನ ಹೆಂಡತಿ ಹಾಕಿದೆವು. ಕಲೆಗಳು ಕೂಡಿಕೂಡಿ ಬಹುತೇಕ ಮೈಯೆಲ್ಲ ಬೆಳ್ಳಗಾಗಿತ್ತು. ಬೆನ್ನ ಮೇಲೆ ಮಾತ್ರ ಅವಳು ಹುಟ್ಟಿ ಬಂದ ಬಣ್ಣ ಒಂದು ದ್ವೀಪದ ಹಾಗೆ ಉಳಿದಿತ್ತು. ಸಂಜೆಯೊಳಗೆ ಹೊಲದ ಬೇವಿನ ಮರದ ಹತ್ತಿರ ಕುಣಿ ತೋಡಿ, ಉಪ್ಪು, ವಿಭೂತಿ, ಪತ್ರಿ ತುಂಬಿ ಮಣ್ಣು ಕೊಟ್ಟರು. ದೀಪಾವಳಿಯ ಹೊತ್ತಿಗೆ ನಮ್ಮ ತಾಯಿಯೂ ಹೋದಳು. ಅವಳ ಕುಣಿ ಅತ್ತಿಯ ಪಕ್ಕದಲ್ಲಿಯೇ ಆಯಿತು. ಕಲ್ಲು ನಿಲ್ಲಿಸಲಿಲ್ಲ. ತಮ್ಮ ಎರಡೂ ದಿಬ್ಬಗಳ ಮೇಲೆ ಕುಂಟೆ ಹೊಡೆದು ನೆಲ ಸಮ ಮಾಡಿದ. ಯಾವುದು ಯಾರದು ಎಂಬುದು ಅವನಿಗಷ್ಟೇ ಗೊತ್ತಿತ್ತು.

ಈ ವರ್ಷ ಮುಂಗಾರಿನ ಮಿರಗದ ಮಳೆ ಒಂದು ದಿನ ಹನಿದು ನಿಂತಿತು. ಅದನ್ನು ನಂಬಿ ಬಿತ್ತಿದ ಹೆಸರು ಎರಡೆಲೆ ಬಿಟ್ಟು ಸುಟ್ಟುಹೋಯಿತು. ಆರಿದ್ರ ಬರೀ ಗಾಳಿಯಲ್ಲಿ ಕಳೆಯಿತು. ಶಿರಹಟ್ಟಿ ಕಡೆ ಮಳೆಯಾಯಿತಂತೆ, ಅಡರಕಟ್ಟಿಯಲ್ಲೂ ಆಯಿತಂತೆ, ನಮ್ಮೂರಿನ ಸೀಮೆಗೆ ಬಂದು ಮೋಡ ಹರಿದುಹೋಗುತ್ತಿತ್ತು. ಮಳೆಗಾಗಿ ಊರವರು ಸಗಣಿಯ ಗುರ್ಜಿ ಹೊತ್ತು ಮನೆ ಮನೆ ತಿರುಗಿ ನೀರು ಹಾಕಿಸಿಕೊಂಡರು. ಕಪ್ಪೆಗಳಿಗೆ ಮದುವೆ ಮಾಡಿದರು. ಅದಾದ ಮೇಲೆ ತಮ್ಮ ನನಗೆ ಫೋನ್ ಮಾಡಿದ.

"ಅಕ್ಕಾ, ಒಂದೀಟು ಊರಿಗೆ ಬಾ."

"ಯಾಕೋ?"

"ಬಾ. ಫೋನಿನ್ಯಾಗ ಹೇಳಾಕ ಬರಂಗಿಲ್ಲ."

ನಾನು ಹೋದಾಗ ಅವನ ಮುಖ ಬಾಡಿತ್ತು. ಹದಿನೈದು ದಿನದಿಂದ ತನ್ನ ಹೆಂಡತಿ ನೀರಿಗೆ ಹೋದರೆ ನಳದ ಹತ್ತಿರ ನಿಂತ ಹೆಂಗಸರು ಮಾತು ನಿಲ್ಲಿಸುತ್ತಾರೆ ಎಂದ. ತೊನ್ನು ಇದ್ದವರನ್ನು ಹೂತರೆ ಅವರು ಮಳೆಯನ್ನು ತಡೆಯುತ್ತಾರೆ, ತೆಗೆದು ಸುಡಬೇಕು ಎಂಬ ಮಾತನ್ನು ನಾನು ಚಿಕ್ಕವಳಿದ್ದಾಗಲೇ ಕೇಳಿದ್ದೆ. ಅದು ಬೇರೆ ಯಾವುದೋ ಊರಿನ ಮಾತು, ಹಳೆಯ ಕಾಲದ ಮಾತು ಎಂದುಕೊಂಡಿದ್ದೆ.

ಮರುದಿನ ಮುಂಜಾನೆ ಕಾಕಾ ಬಂದರು. ಜೊತೆಗೆ ಇನ್ನಿಬ್ಬರು. ಕೈಕಾಲು ತೊಳೆದು, ಚಹಾ ಕುಡಿದು, ನನ್ನ ಪೆನ್ಶನ್ನಿನ ವಿಚಾರ, ಮೊಣಕಾಲಿನ ನೋವಿನ ವಿಚಾರ ಕೇಳಿದರು. ಅವರು ಅಷ್ಟು ನಯವಾಗಿ ಮಾತಾಡುತ್ತಿದ್ದದ್ದಕ್ಕೇ ನನಗೆ ಹೆದರಿಕೆಯಾಯಿತು.

"ನೋಡವ್ವಾ" ಎಂದು ಕೊನೆಗೆ ಕಾಕಾ ಶುರು ಮಾಡಿದರು. "ನೀ ಕಲ್ತಾಕಿ. ನಿನಗ ಇದು ಸೇರಂಗಿಲ್ಲ, ಗೊತ್ತೈತಿ. ಆದ್ರ ಊರ ಬಾಯಿ ಹಿಡಿಯಾಕ ಬರಂಗಿಲ್ಲ. ನೀವ ತಗದು ಬೆಂಕಿ ಕೊಟ್ರ ಮರ್ಯಾದಿಲಿಂದ ಆಕ್ಕತಿ."

"ಕೊಡ್ಲಿಲ್ಲಂದ್ರ?"

ಜೊತೆಯಲ್ಲಿದ್ದವನೊಬ್ಬ, ನೆಲ ನೋಡುತ್ತಾ ಹೇಳಿದ: "ಕಪ್ಪತಗುಡ್ಡದ ಮಗ್ಗಲಿನ ಒಂದ ಊರಾಗ ಮನಿಯವರು ಕುಣಿ ತೋರಸ್ಲಿಲ್ಲಂತರಿ. ಜನ ಹೋಗಿ ಐದು ಕುಣಿ ತಗದ್ರಂತ."

ಆಗ ತಮ್ಮ ತಲೆ ಎತ್ತಿ ನನ್ನನ್ನು ನೋಡಿದ. ಅವನು ಏನು ಯೋಚಿಸುತ್ತಿದ್ದಾನೆಂದು ನನಗೆ ತಿಳಿಯಿತು. ಪಕ್ಕದ ಕುಣಿ ತಾಯಿಯದು.

"ಕಾಕಾರ" ಎಂದೆ, "ನಿಮ್ಮ ಮನಿಯಾಕಿಗೆ ನೀರು ಹಾಕಿದಾಕಿ ಯಾರರಿ?"

"ನಿಮ್ಮತ್ತಿನ. ಆ ಋಣಕ್ಕ ಬ್ಯಾರೆಯವರ್ನ ಕಳಸದ ನಾನ ಬಂದೀನಿ" ಎಂದರು. ಆದರೆ ಹೇಳುತ್ತಾ ಒಮ್ಮೆ ಜೊತೆಯವರ ಮುಖ ನೋಡಿದರು. ಮುಂದಿನ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಆಡಿಬಿಟ್ಟಿದ್ದರೆ ಆ ಕ್ಷಣದಲ್ಲಿಯೇ ಅವರ ಮುಖ ಹೇಗಾಗುತ್ತಿತ್ತು ಎಂದು ನೋಡುವ ಆಸೆಯೂ ಇತ್ತು. ನುಂಗಿಕೊಂಡೆ. "ನಾ ಪೊಲೀಸರ ಕಡೆ ಹೋಗ್ತೀನಿ" ಎಂದಷ್ಟೇ ಹೇಳಿದೆ.

"ಹೋಗವ್ವಾ. ಪೊಲೀಸರು ಒಂದಿನ ಕಾಯ್ತಾರ, ಎರಡು ದಿನ ಕಾಯ್ತಾರ. ಮಳಿ ಬರೋತನಕ ಕಾಯ್ತಾರೇನು?" ಎಂದು ಎದ್ದರು.

ಮರುದಿನ ಸೋಮವಾರ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಹೊಲಗಳು ಖಾಲಿ ಇರುತ್ತವೆ. ತಮ್ಮ ನನ್ನನ್ನು ಗಾಡಿಯ ಮೇಲೆ ಬಸ್ಸಿನವರೆಗೆ ಬಿಟ್ಟ. "ನೀ ಹೋಗಿ ಬಾ ಅಕ್ಕಾ. ನಾ ಹೊಲದಾಗ ಇರ್ತೀನಿ" ಎಂದ. ಬಸ್ಸು ಬಿಡುವವರೆಗೂ ನಿಂತಿದ್ದ. ಕಿಟಕಿಯೊಳಗೆ ಕೈ ಹಾಕಿ ನನ್ನ ಭುಜ ಮುಟ್ಟಿದ. ಅವನು ಹಾಗೆ ಮುಟ್ಟುವವನಲ್ಲ.

ಲಕ್ಷ್ಮೇಶ್ವರದಲ್ಲಿ ಠಾಣೆಯ ಸಾಹೇಬರು ನನ್ನ ಮಾತನ್ನು ಪೂರ್ತಿ ಕೇಳಿದರು. ಅರ್ಜಿ ಬರೆಸಿಕೊಂಡು, ನಡುವಯಸ್ಸಿನ ಒಬ್ಬ ಪೇದೆಯನ್ನು ನನ್ನ ಜೊತೆಗೇ ಕಳಿಸಿದರು. ಅವನ ಬೈಕಿನ ಹಿಂದೆ ಕೂತು ಬಂದೆ. ಊರು ಇನ್ನೂ ದೂರವಿರುವಾಗಲೇ ಬೇವಿನ ಮರದ ಕೆಳಗೆ ಬಿಳಿ ಅಂಗಿಗಳು ಕಂಡವು. ಮೂವತ್ತು ನಲವತ್ತು ಜನ. ಬೈಕು ಬದುವಿನ ಹತ್ತಿರ ನಿಂತಾಗ ಯಾರೂ ಓಡಲಿಲ್ಲ, ಯಾರೂ ತಿರುಗಿ ನೋಡಲಿಲ್ಲ.

ಕುಣಿ ತೆರೆದಿತ್ತು. ಪಕ್ಕದಲ್ಲಿ ಗುದ್ದಲಿ ಊರಿಕೊಂಡು ನನ್ನ ತಮ್ಮ ನಿಂತಿದ್ದ. ಮೈಯೆಲ್ಲ ಎರೆಮಣ್ಣು.

"ಯಾರು ತಗದ್ರಿ ಇದನ್ನ?" ಎಂದು ಪೇದೆ ಕೇಳಿದ.

"ನಾನರಿ" ಎಂದ ತಮ್ಮ. "ನಮ್ಮ ಹೊಲ. ನಮ್ಮತ್ತಿ." ಆಮೇಲೆ ನನ್ನ ಕಡೆ ತಿರುಗಿ, ಕಣ್ಣಲ್ಲಿ ಕಣ್ಣಿಡದೆ, "ಅವ್ವನ್ನ ತಗದಿದ್ರ ಏನು ಮಾಡ್ತಿದ್ದಿ? ಮುಂಜಾನೆ ಅವರು ಬ್ಯಾರೆ ಕಡೆ ಅಗಿಯಾಕ ಹತ್ತಿದ್ರು. ಅಲ್ಲಲ್ಲ, ಇಲ್ಲಿ ಅಂತ ನಾನ ತೋರಿಸಿದ್ನಿ" ಎಂದ.

ಅತ್ತಿಯನ್ನು ಒಂದು ಹಳೆಯ ಜಮಖಾನೆಯ ಮೇಲೆ ಇಟ್ಟಿದ್ದರು. ಹೂತಾಗ ಹೇಗೆ ಕೂತಿದ್ದಳೋ ಹಾಗೆಯೇ ಇದ್ದಳು, ಆದರೆ ಒಂಬತ್ತು ಹತ್ತು ವರ್ಷದ ಹುಡುಗಿಯಷ್ಟಾಗಿದ್ದಳು. ತಲೆ ಎದೆಯ ಮೇಲೆ ಬಾಗಿತ್ತು. ಕೂದಲು ಇತ್ತು, ನಾನು ಹಾಕಿದ ತುರುಬು ಬಿಚ್ಚಿರಲಿಲ್ಲ. ಸೀರೆ ಮುಟ್ಟಿದರೆ ಉದುರುವ ಎಲೆಯ ಹಾಗಾಗಿತ್ತು. ಮಾಂಸವೆಲ್ಲ ಇಳಿದುಹೋಗಿ, ಉಪ್ಪಿನಲ್ಲಿ ಒಣಗಿದ ಚರ್ಮ ಎಲುಬಿಗೆ ಅಂಟಿಕೊಂಡಿತ್ತು. ನಾನು ನಿರೀಕ್ಷಿಸಿದ ವಾಸನೆ ಇರಲಿಲ್ಲ. ಮಳೆ ಇಲ್ಲದ ನೆಲದ ವಾಸನೆ, ಹಳೆಯ ಅರಿವೆಯ ವಾಸನೆ, ಅಷ್ಟೇ.

ಹತ್ತಿರ ಹೋಗಿ ಕೂತೆ. ಮಡಿಲಲ್ಲಿದ್ದ ಅವಳ ಕೈಗಳನ್ನು ನೋಡಿದೆ. ಅವು ಕಪ್ಪಗಿದ್ದವು. ಬೆರಳು, ಅಂಗೈ, ಮೊಣಕೈ, ತುಟಿ ಇದ್ದ ಜಾಗ, ಎಲ್ಲ ಒಂದೇ ಬಣ್ಣ, ಆ ಹೊಲದ ಮಣ್ಣಿನ ಬಣ್ಣ. ಬಿಳಿ ಎಲ್ಲಿಯೂ ಇರಲಿಲ್ಲ. ಹದಿನೈದು ತಿಂಗಳಲ್ಲಿ ನೆಲ ಅದನ್ನು ಅಳಿಸಿಹಾಕಿತ್ತು. ಯಾವುದಕ್ಕಾಗಿ ಇವರು ಅವಳನ್ನು ಹೊರಗೆ ತೆಗೆದಿದ್ದರೋ, ಅದೇ ಅವಳ ಮೈಮೇಲೆ ಉಳಿದಿರಲಿಲ್ಲ.

"ನೋಡ್ರಿ" ಎಂದೆ. "ಎಲ್ಲೈತಿ ತೊನ್ನು? ತೋರಸ್ರಿ ನನಗ."

ಯಾರೂ ಹತ್ತಿರ ಬರಲಿಲ್ಲ. ಕಾಕಾ ಮಾತ್ರ ಎರಡು ಹೆಜ್ಜೆ ಮುಂದೆ ಬಂದು, ಬಾಗಿ, ಬಹಳ ಹೊತ್ತು ನೋಡಿದರು. ಆಮೇಲೆ ಹಿಂದೆ ಸರಿದರು.

ಪೇದೆ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದ. "ತಗದದ್ದಂತೂ ತಗದಾತು ಅಕ್ಕಾರ" ಎಂದ ಮೆಲ್ಲಗೆ. "ಸಾಹೇಬ್ರಿಗೆ ಹೇಳ್ತೀನಿ, ಕೇಸು ಆಕ್ಕತಿ. ಈಗ ಇವರನ್ನ ಏನು ಮಾಡೂದು, ನೀವು ಹೇಳ್ರಿ. ತಿರುಗಿ ಅದರಾಗ ಇಡ್ಸಿ ಮುಚ್ಚಸ್ಲ್ಯಾ?"

ಎಲ್ಲರೂ ನನ್ನನ್ನು ನೋಡಿದರು. ಮುಚ್ಚಿಸಿದರೆ ಎಷ್ಟು ದಿನ? ಪೇದೆ ಹೋದ ಮೇಲೆ? ನಾನು ಬೆಟಗೇರಿಗೆ ಹೋದ ಮೇಲೆ? ಇನ್ನೊಮ್ಮೆ ಗುದ್ದಲಿ ಬಿದ್ದರೆ ಈ ಎಲುಬುಗಳು ತಡೆಯುವುದಿಲ್ಲ. ಬದುವಿನ ಮೇಲೆ ಕಟ್ಟಿಗೆ, ಕುಳ್ಳು ಆಗಲೇ ಒಟ್ಟಿದ್ದರು. ನಾನು ಜನ್ಮವಿಡೀ ಮಕ್ಕಳಿಗೆ, ತಪ್ಪನ್ನು ತಪ್ಪೆನ್ನಬೇಕು ಎಂದು ಹೇಳಿಕೊಟ್ಟವಳು.

"ಸುಡ್ರಿ" ಎಂದೆ.

ಆ ಮಾತು ಹೇಳಿದವಳು ನಾನೇ. ತಮ್ಮನ ಮೇಲೆ ಎಷ್ಟೇ ಸಿಟ್ಟಿದ್ದರೂ ಇದನ್ನು ಅವನ ತಲೆಗೆ ಕಟ್ಟಲಾರೆ. ಅವನು ಬೆಂಕಿ ಕೊಟ್ಟ. ನಮ್ಮ ಮನೆತನದಲ್ಲಿ ಯಾರನ್ನೂ ಸುಟ್ಟಿಲ್ಲ. ಹೇಗೆ ಸುಡಬೇಕೆಂದು ಅಲ್ಲಿದ್ದ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಒಣಗಿದ ಮೈ ಬೇಗ ಹತ್ತಿಕೊಂಡಿತು. ಜನ ಮೇಲೆ ನೋಡುತ್ತಾ ನಿಂತರು. ಆಕಾಶ ಗಾಜಿನ ಹಾಗಿತ್ತು.

ಪೇದೆ ಹೇಳಿದಂತೆ ಕೇಸಾಯಿತು. ನನ್ನ ತಮ್ಮನೂ ಸೇರಿ ಕೆಲವರು ಠಾಣೆಗೆ ಹೋಗಿ ಬಂದರು, ಇನ್ನೂ ಹೋಗುತ್ತಿದ್ದಾರೆ. ಮಳೆ ಮಾತ್ರ ಬರಲಿಲ್ಲ. ಒಂದು ವಾರ ಬರಲಿಲ್ಲ, ಎರಡು ವಾರ ಬರಲಿಲ್ಲ. ಹಾಗಾದರೆ ಅವರ ನಂಬಿಕೆ ಮುರಿಯಬೇಕಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಎಂದುಕೊಂಡಿದ್ದೆ. ತಮ್ಮನ ಹೆಂಡತಿ ಫೋನಿನಲ್ಲಿ ದನಿ ತಗ್ಗಿಸಿ ಹೇಳಿದಳು: "ಊರಾಗ ಬ್ಯಾರೆ ಮಾತು ನಡದೈತಿರಿ ಅಕ್ಕಾರ. ಇನ್ನೊಬ್ಬರು ಇರಬೇಕು ಅಂತ. ಮುಚ್ಚಿಟ್ಟುಕೊಂಡು ಸತ್ತವರು ಯಾರೋ ಇದ್ದಾರ ಅಂತ."

ಅದಾದ ಮೂರನೆಯ ದಿನ, ಮಧ್ಯಾಹ್ನದ ಊಟ ಮುಗಿಸಿ ನಾನು ಬೆಟಗೇರಿಯ ಮನೆಯ ಹೊಸ್ತಿಲಲ್ಲಿ ಕೂತಿದ್ದೆ. ಓಣಿಯ ಮಗ್ಗಗಳ ಸಪ್ಪಳದ ನಡುವೆ ಕೋಲೂರಿಕೊಂಡು ಯಾರೋ ಬರುವುದು ಕಂಡಿತು. ಕಾಕಾ. ಎಂಬತ್ತು ದಾಟಿದ ಮನುಷ್ಯ, ಎರಡು ಬಸ್ಸು ಬದಲಿಸಿ ಒಬ್ಬರೇ ಬಂದಿದ್ದರು. ಒಳಗೆ ಕರೆದೆ. ಕುರ್ಚಿಯ ತುದಿಯಲ್ಲಿ ಕೂತರು. ನೀರು ಕೊಟ್ಟೆ, ಕುಡಿಯಲಿಲ್ಲ.

"ಒಂದು ಮಾತು ಕೇಳಾಕ ಬಂದೀನವ್ವಾ."

"ಕೇಳ್ರಿ."

"ನಿಮ್ಮತ್ತಿ ಸಾಯೋಕಿಂತ ಮುಂಚೆ, ಯಾರ್ದರ ವಿಚಾರ, ನಿನಗ ಏನರ ಹೇಳಿದ್ಲೇನು?"

ನಾನು ಅವರನ್ನೇ ನೋಡಿದೆ. ಬಿಸಿಲಲ್ಲಿ ನಡೆದು ಬಂದ ಮುಖದ ಮೇಲೆ ಬೆವರಿಗಿಂತ ಹೆಚ್ಚಿನದೇನೋ ಇತ್ತು. ಅವರಿಗೆ ಎಲ್ಲ ಗೊತ್ತಿತ್ತು. ನಲವತ್ತು ಐವತ್ತು ವರ್ಷ ಜೊತೆಗೆ ಬಾಳಿದವಳ ಮೈ ಅವರಿಗೆ ಗೊತ್ತಿರದೆ ಇರುತ್ತದೆಯೇ? ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತಾ ಕೂತಾಗಲೂ ಗೊತ್ತಿತ್ತು. ಅತ್ತಿಯನ್ನು ತೆಗೆದುಕೊಟ್ಟರೆ ತಮ್ಮವಳ ತನಕ ಮಾತು ಬರುವುದಿಲ್ಲ ಎಂದು ಅವರು ಲೆಕ್ಕ ಹಾಕಿದ್ದರು.

"ಏನೂ ಹೇಳಿಲ್ರಿ" ಎಂದೆ.

"ಖರೆ ಹೇಳ್ತಿಯೇನು?"

"ಖರೆ. ಆಕಿ ಯಾರ ವಿಚಾರನೂ ಯಾರಿಗೂ ಹೇಳತಿದ್ದಿಲ್ಲ."

ಅವರು ತಲೆಯಾಡಿಸಿದರು. ಕೋಲು ಹಿಡಿದು ಎದ್ದರು. ಬಾಗಿಲವರೆಗೆ ಹೋದವರು ಗೋಡೆ ಹಿಡಿದು ನಿಂತು, ನನಗೆ ಬೆನ್ನು ತೋರಿಸಿಕೊಂಡೇ, "ನಮ್ಮ ಮನಿಯಾಕಿ ಕತ್ಲಿಗೆ ಅಂಜತಿದ್ಲವ್ವಾ. ಹೊರಗ ತಗದ್ರ ಬಿಸಲಿಗೆ ಅಂಜ್ಯಾಳು" ಎಂದರು. ನಾನು ಅವರನ್ನು ಬಸ್ಸಿನವರೆಗೆ ಬಿಟ್ಟು ಬಂದೆ. ಅವರ ಮೇಲೆ ಕನಿಕರ ಬಂತೋ, ಅಸಹ್ಯ ಬಂತೋ, ಇವತ್ತಿಗೂ ನನಗೆ ತಿಳಿಯದು.

ಶ್ರಾವಣ ಕಳೆಯುತ್ತಾ ಬಂದಾಗ ಮಳೆ ಬಂತು. ಗದಗ, ಅಂತೂರ ಬೆಂತೂರ, ಮುಂಡರಗಿ, ಎಲ್ಲೆಡೆ ಒಟ್ಟಿಗೇ ಬಂತು, ಮೂರು ದಿನ ಹೊಯ್ಯಿತು. ಆ ಹೊತ್ತಿಗೆ ನಮ್ಮೂರಲ್ಲಿ ಇನ್ನೊಂದು ಕುಣಿ ತೆರೆದಿದ್ದರು. ಕಾಕಾ ಅವರ ಹೆಂಡತಿಯದಲ್ಲ. ಯಾರೂ ಇಲ್ಲದ ಒಬ್ಬ ಮುದುಕಿಯದು. ಅವಳಿಗೆ ತೊನ್ನು ಇತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಬೇಡ ಎನ್ನುವವರು ಅವಳಿಗೆ ಇರಲಿಲ್ಲ, ಅಷ್ಟು ಗೊತ್ತು. ಮಳೆ ಬಂದ ಮೇಲೆ ಊರಿನಲ್ಲಿ ಎಲ್ಲರಿಗೂ ಸಮಾಧಾನವಾಯಿತಂತೆ.

ಕಳೆದ ತಿಂಗಳು ನಾನು ದೇಹದಾನದ ಫಾರಂ ತಂದೆ. ಮೆಡಿಕಲ್ ಕಾಲೇಜಿನಲ್ಲಿ ಅದನ್ನು ಕೊಟ್ಟ ಹೆಣ್ಣುಮಗಳು ಸಮಾಧಾನದಿಂದ ಎಲ್ಲ ವಿವರಿಸಿದಳು. ಮೈಯನ್ನು ಔಷಧಿಯಲ್ಲಿ ಇಡುತ್ತಾರೆ, ಮಕ್ಕಳು ಕಲಿಯುತ್ತಾರೆ, ಎಲುಬುಗಳನ್ನೂ ಇಟ್ಟುಕೊಳ್ಳುತ್ತಾರೆ. ನನಗೆ ಅದರಲ್ಲಿ ಹೆದರಿಕೆ ಏನೂ ಕಾಣಲಿಲ್ಲ. ಮಕ್ಕಳ ನಡುವೆಯೇ ಬದುಕಿದವಳು ನಾನು.

"ಆದ್ರ ಮೇಡಂ" ಎಂದಳು ಕೊನೆಗೆ, "ನೀವು ಸಹಿ ಮಾಡಿದ್ದಷ್ಟ ಸಾಲಂಗಿಲ್ರಿ. ನೀವು ಹೋದ ಮ್ಯಾಲ ನಿಮ್ಮವರು ತಂದು ಕೊಡಬೇಕು. ಅವರು ಒಲ್ಲೆ ಅಂದ್ರ ನಾವೇನೂ ಮಾಡಾಕ ಬರಂಗಿಲ್ಲ. ನಿಮಗ ಯಾರದಾರ್ರಿ?"

ನನಗಿರುವುದು ತಮ್ಮನೊಬ್ಬ. ಫಾರಂ ತೆಗೆದುಕೊಂಡು ಊರಿಗೆ ಹೋದೆ. ಅವನು ಅದನ್ನು ಎರಡು ಸಲ ಓದಿದ. ಸಹಿ ಮಾಡಬೇಕಾದ ಜಾಗದ ಮೇಲೆ ಬೆರಳಿಟ್ಟ. ಹೊರಗೆ ಹಿತ್ತಲಲ್ಲಿ ಅವನ ಹೆಂಡತಿ ಶೇಂಗಾ ಬಿಡಿಸುತ್ತಿದ್ದಳು.

"ನಿನ್ನನ್ನ ಅವರು ಕೊಯ್ತಾರ?" ಎಂದ.

"ಹೂಂ."

"ಜನ ನನಗ ಏನಂತಾರ ಅಕ್ಕಾ?"

ಅವನು ಸಹಿ ಮಾಡದೆಯೇ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ. "ಇರ್ಲಿ ತಗೋ. ನೋಡೂಣಂತ" ಎಂದು ಎದ್ದು, ಹೊಲದ ಕಡೆ ನಡೆದ.